ಬಂಡೆ ಹತ್ತುವ ಪುಟ್ಟ ಜೀಪು

ಪುಣೆಯಿಂದ ನಗರ ರಸ್ತೆ ಹಿಡಿದು ಸುಮಾರು ಐವತ್ತು ಕಿಲೋಮೀಟರು ಬಂದರೆ ರಾಂಜಣಗಾಂವ. ಅಷ್ಟವಿನಾಯಕರಲ್ಲೊಬ್ಬನಾದ ಮಹಾಗಣಪತಿಯ ಊರೆಂದು ಇದನ್ನು ಬಲ್ಲವರು ಬಹಳ. ಕಾರಖಾನೆಗಳ ಊರೆಂದು ಬಲ್ಲವರೂ, ಅದರಲ್ಲಿಯೂ ನಮ್ಮ ಕಡೆಯಿಂದ ಹೊಟ್ಟೆಪಾಡಿಗಾಗಿ ಬಂದು ಇಲ್ಲಿ ಬಿಡಾರ ಹೂಡಿದವರೂ ಕಡಿಮೆಯಿಲ್ಲ. ಫಿಯಟ್ ಮತ್ತು ಟಾಟಾ ಕಂಪನಿಗಳ ಇಲ್ಲಿನ ಜಂಟಿ ಕಾರಖಾನೆಯಲ್ಲಿ 2017ರಲ್ಲಿ ‘ಜೀಪ್ ಕಂಪಾಸ್’ ತಯಾರಾಗತೊಡಗಿತು. 2021ರಲ್ಲಿ ‘ಜೀಪ್ ರ‍್ಯಾಂಗ್ಲರ್’ ಗಾಡಿಯ ಜೋಡಣೆಯೂ ಆರಂಭವಾಯಿತು. ಬಂಡೆಗಲ್ಲುಗಳನ್ನು ಹತ್ತಿ ಇಳಿಯುವುದಕ್ಕೆಂದೇ ಜಗತ್ತಿನಲ್ಲಿ ಹೆಸರಾದ ಗಾಡಿ ಅದು. ಆ ವರ್ಷ ಅದರ ಬೆಲೆ 53 ಲಕ್ಷ 90 ಸಾವಿರ ರೂಪಾಯಿಯಿಂದ ಮೇಲೆ. ಅಂಥ ಗಾಡಿಯ ಊರಿನಲ್ಲಿದ್ದು, ಅದು ಲಾರಿಯ ಮೇಲೆ ಕುಳಿತು ಹೋಗುವುದನ್ನು ನೋಡುವುದಷ್ಟೇ ನಮ್ಮಂಥವರ ಪಾಲು.

ಹೀಗಿದ್ದರೂ ಒಂದು ಜೀಪು ನಮ್ಮ ವಠಾರದ ಜಿನೆಯ ಕೆಳಗೆ ನಿಂತಿದೆ ಎಂದರೆ ವಾಚಕರು ನಗಬಾರದು. ಅದರ ಉದ್ದ ಒಂದೂವರೆ ಅಡಿ, ತೂಕ ಮೂರು ಕಿಲೋಕ್ಕೆ ಸ್ವಲ್ಪ ಕಡಿಮೆ. ಕೈಯಲ್ಲಿ ಹಿಡಿದ ರಿಮೋಟಿನಿಂದ ನಡೆಯುತ್ತದೆ. ಇಂಗ್ಲಿಷಿನಲ್ಲಿ ಇದಕ್ಕೆ ‘ರಾಕ್ ಕ್ರಾಲರ್’ ಎನ್ನುವರು; ನಮ್ಮ ಮಕ್ಕಳು ಬಂಡೆಗಾಡಿ ಎಂದು ಹೆಸರಿಟ್ಟಿದ್ದಾರೆ. ಅಂಗಡಿಯಿಂದ ಇಡಿಯಾಗಿ ಕೊಂಡು ತಂದದ್ದಲ್ಲ. ನಾಲ್ಕು ಮನೆಯವರು ಕೂಡಿ, ಒಂದು ವರ್ಷದ ಅವಧಿಯಲ್ಲಿ, ತಿಂಗಳಿಗೊಂದು ಬಿಡಿಭಾಗದಂತೆ ತರಿಸಿ ಕಟ್ಟಿದ್ದು. ಆ ಕಥೆಯನ್ನೇ ಇಲ್ಲಿ ಹೇಳಬೇಕೆಂದಿದ್ದೇವೆ.

ರಿಮೋಟಿನ ಕಾರೆಂದರೆ ಸುಯ್ಯೆಂದು ಓಡಿ ಗೋಡೆಗೆ ಬಡಿಯುವ ಆಟಿಕೆ ಎಂಬ ಕಲ್ಪನೆ ನಮ್ಮಲ್ಲಿದೆಯಷ್ಟೆ. ಬಂಡೆಗಾಡಿ ಅದಕ್ಕೆ ಪೂರಾ ವಿರುದ್ಧ. ಇದರ ಹೆಚ್ಚುಗಾರಿಕೆ ಇರುವುದು ನಿಧಾನದಲ್ಲಿ. ತನ್ನ ಗಾಲಿಯಷ್ಟೇ ಎತ್ತರವಾದ ಕಲ್ಲಿನ ಮೆಟ್ಟಿಲನ್ನು ಅದು ಆಮೆಯಂತೆ ತಡಕಿ, ಹಿಡಿದು, ಏರಿಬಿಡುತ್ತದೆ. ನೋಡುತ್ತ ನಿಂತವರು ಉಸಿರು ಬಿಗಿಹಿಡಿಯಬೇಕು, ಹಾಗಿರುತ್ತದೆ.

ಈ ಆಟ ಹುಟ್ಟಿದ್ದು ಅಮೆರಿಕದಲ್ಲಿ. ಅಲ್ಲಿಯ ಕ್ಯಾಲಿಫೋರ್ನಿಯ ಪ್ರಾಂತದ ಬೆಟ್ಟಗಳಲ್ಲಿ ‘ರೂಬಿಕಾನ್’ ಎಂಬ ಕಲ್ಲುದಾರಿಯುಂಟು. ದೊಡ್ಡ ಜೀಪುಗಳಿಗೆ ಅದು ಸತ್ವಪರೀಕ್ಷೆಯ ಜಾಗ. ರ‍್ಯಾಂಗ್ಲರಿನ ಒಂದು ಬಗೆಗೆ ಕಂಪನಿಯವರು ಆ ದಾರಿಯ ಹೆಸರನ್ನೇ ಇಟ್ಟಿದ್ದಾರೆ. ದೊಡ್ಡವರ ಆ ಸಾಹಸವನ್ನು ಚಿಕ್ಕ ಅಳತೆಯಲ್ಲಿ ಮಾಡಹೊರಟ ಹವ್ಯಾಸಿಗಳಿಗೆ ಮೊದಮೊದಲು ಸಿದ್ಧ ಗಾಡಿಯೇ ಇರಲಿಲ್ಲ. ಜಪಾನಿನ ತಾಮಿಯಾ ಕಂಪನಿ 1987ರಲ್ಲಿ ಹೊರಡಿಸಿದ ‘ಕ್ಲಾಡ್ ಬಸ್ಟರ್’ ಎಂಬ ದೈತ್ಯಗಾಲಿಯ ಆಟಿಕೆ ಲಾರಿಯ ಅಚ್ಚುಗಳನ್ನು ಬಿಚ್ಚಿಕೊಂಡು, ತಾವೇ ಚೌಕಟ್ಟು ಕಡೆದು, ಬಂಡೆಗಾಡಿ ಮಾಡಿಕೊಂಡವರಿದ್ದರು. ಆಮೇಲೆ ಕಂಪನಿಗಳು ಕಣ್ಣು ತೆರೆದವು. ಆಕ್ಸಿಯಲ್‌ನವರ ‘ಎಸ್‌ಸಿಎಕ್ಸ್ 10’ 2009ರಲ್ಲಿಯೂ, ಟ್ರಾಕ್ಸಾಸ್‌ನವರ ‘ಟಿಆರ್‌ಎಕ್ಸ್ 4’ 2017ರಲ್ಲಿಯೂ ಬಂದವು. ಇವುಗಳ ಅಳತೆಗೆ ಹೊಂದುವ ಬಿಡಿಭಾಗಗಳನ್ನು ಈಗ ಹತ್ತಾರು ಬೇರೆ ತಯಾರಕರು ಮಾಡಿ ಮಾರುತ್ತಾರೆ. ಚೌಕಟ್ಟು ಒಬ್ಬರದು, ಅಚ್ಚು ಇನ್ನೊಬ್ಬರದು, ಟೈರು ಮತ್ತೊಬ್ಬರದು. ಇದರಿಂದಲೇ ನಮ್ಮಂಥ ಪಗಾರದ ಜನಕ್ಕೆ ಬಾಗಿಲು ತೆರೆದದ್ದು.

ಏಕೆಂದರೆ ಹೊರದೇಶದ ಸಿದ್ಧ ಗಾಡಿಯ ಬೆಲೆ ಕೇಳಿದರೆ ಎದೆ ಝಲ್ಲೆನ್ನುತ್ತದೆ. ಆಟಿಕೆಗಳ ಆಮದು ಸುಂಕವನ್ನು ಸರಕಾರ 2020ರಲ್ಲಿ ನೂರಕ್ಕೆ 20ರಿಂದ 60ಕ್ಕೆ ಏರಿಸಿತು. 2023ರಲ್ಲಿ ಅದು 70 ಆಯಿತು. ಸರಕಾರದ ಕಾಗದಗಳನ್ನು ನೋಡುವುದೇ ನಮ್ಮ ಕಸುಬಾದ್ದರಿಂದ ಸುಂಕದ ಮೇಲೆ ನಮಗೆ ಸಿಟ್ಟಿಲ್ಲ. ದೇಶದ ಆಟಿಕೆ ಮಾಡುವವರೂ ಬದುಕಬೇಕಲ್ಲ. ಆದರೆ ಒಂದೇ ಸಲಕ್ಕೆ ಅಷ್ಟು ದುಡ್ಡು ಎಣಿಸುವುದು ನಾಲ್ಕರಲ್ಲಿ ಯಾವ ಮನೆಗೂ ಆಗುವ ಮಾತಾಗಿರಲಿಲ್ಲ. ಆದ್ದರಿಂದ 2023ರ ಯುಗಾದಿಯ ಮರುದಿನ ಒಂದು ಬಗೆಯ ಚೀಟಿ ಹಾಕಿದೆವು. ಪ್ರತಿ ತಿಂಗಳೂ ಒಂದು ಮನೆಯ ಸರದಿ. ಆ ಮನೆಯವರು ಎರಡು ಸಾವಿರ ರೂಪಾಯಿಯ ಆಸುಪಾಸಿನಲ್ಲಿ ಒಂದು ಭಾಗ ತರಿಸಬೇಕು. ಗದಗಿನವರು ಖಾನಾವಳಿ ನಡೆಸುವವರು, ಕಲಬುರ್ಗಿಯವರೂ ಇಂಡಿಯವರೂ ಕಾರಖಾನೆಗಳಲ್ಲಿ ಗುತ್ತಿಗೆಯ ಮೇಲೆ ದುಡಿಯುವವರು, ನಾಲ್ಕನೆಯವರು ನಾವು. ಗದಗಿನ ವೈನಿಯವರು ಮೊದಲ ದಿನವೇ, “ಇದು ಆಟಿಗಿ ಸಾಮಾನೋ, ಲಗ್ನದ ಖರ್ಚೋ?” ಎಂದು ಕೇಳಿ ನಮ್ಮ ಬಾಯಿ ಕಟ್ಟಿದ್ದರು.

ಎಲ್ಲಕ್ಕೂ ಮೊದಲು ಏನು ಕೊಳ್ಳಬೇಕು? ಹುಡುಗರನ್ನು ಕೇಳಿದರೆ ಮೋಟರು ಎನ್ನುತ್ತಾರೆ. ಈ ಆಟದಲ್ಲಿ ಪಳಗಿದವರು ಟೈರು ಎನ್ನುತ್ತಾರೆ, ಅದೇ ಸರಿ. ಬಂಡೆಗಾಡಿಯ ಟೈರಿನೊಳಗೆ ಗಾಳಿಯಿರುವುದಿಲ್ಲ, ಸ್ಪಂಜಿನ ಬಳೆಯಿರುತ್ತದೆ. ಗಾಳಿ ಹೋಗಿ ಬರಲು ಸಣ್ಣ ರಂಧ್ರವಿರುತ್ತದೆ. ಕಲ್ಲಿನ ಅಂಚು ಸಿಕ್ಕಿದೊಡನೆ ಟೈರು ಅಲ್ಲಿ ಕುಗ್ಗಿ, ಅಂಗೈಯಂತೆ ಅದನ್ನು ಹಿಡಿದುಕೊಳ್ಳಬೇಕು. ರಬ್ಬರು ಮೆತ್ತಗಿದ್ದಷ್ಟೂ ಹಿಡಿತ ಹೆಚ್ಚು, ಬಾಳಿಕೆ ಕಡಿಮೆ. ಮೋಟರು ಎಷ್ಟೇ ಬಲವಾಗಿರಲಿ, ಟೈರು ಜಾರಿದರೆ ಅದು ಕಲ್ಲಿನ ಮೇಲೆ ಕಪ್ಪು ಗೆರೆ ಎಳೆಯುತ್ತ ನಿಂತಲ್ಲೇ ತಿರುಗುವುದೇ ಹೊರತು ಮೇಲೇರದು.

ಟೈರಿನ ಬಳಿಕ ಸ್ಟೀರಿಂಗಿನ ಸರ್ವೊ. ಬಿರುಕಿನಲ್ಲಿ ಸಿಕ್ಕಿಕೊಂಡ ಮುಂಗಾಲಿಯನ್ನು ಪಕ್ಕಕ್ಕೆ ತಿರುಗಿಸುವ ಪುಟ್ಟ ಯಂತ್ರವಿದು. 25 ಕಿಲೋ-ಸೆಂಟಿಮೀಟರಿನದು ಎಂದರೆ ಅದರ ಅಚ್ಚಿನಿಂದ ಒಂದು ಸೆಂಟಿಮೀಟರು ದೂರದಲ್ಲಿ 25 ಕಿಲೋ ತೂಕವನ್ನು ಎತ್ತುವಷ್ಟು ಬಲವೆಂದು ಅರ್ಥ. ಬೆಂಕಿಪೊಟ್ಟಣದಷ್ಟು ದೊಡ್ಡದರಲ್ಲಿ ಇಷ್ಟು ಕಸುವು ಅಡಗಿರುವುದು ಸೋಜಿಗವೇ. ಎರಡನೆಯ ತಿಂಗಳ ಸರದಿ ಇಂಡಿಯವರದಾಗಿತ್ತು; ಈ ಸರ್ವೊ ಅವರು ತರಿಸಿದ್ದು. ಈ ಮಾತನ್ನು ವಾಚಕರು ನೆನಪಿಟ್ಟಿರಬೇಕು.

ಮೋಟರಿಗೆ ವೇಗ ಬೇಡ. ಒಳಗೆ ತಂತಿಯ ಸುತ್ತು ಹೆಚ್ಚಿದ್ದಷ್ಟೂ ಅದು ನಿಧಾನ. ನಮ್ಮದು 35 ಸುತ್ತಿನದು. ಅದು ಮಿನಿಟಿಗೆ 12 ಸಾವಿರ ಸಲ ತಿರುಗಿತೆನ್ನಿ. ಗೇರುಗಳೆಲ್ಲ ಕೂಡಿ ಅದನ್ನು ನಲವತ್ತರಲ್ಲಿ ಒಂದಕ್ಕೆ ಇಳಿಸುತ್ತವೆ. ಹಾಗಾದರೆ ಗಾಲಿ ತಿರುಗುವುದು 300 ಸಲ. 12 ಸೆಂಟಿಮೀಟರು ವ್ಯಾಸದ ಗಾಲಿ ಆ ಲೆಕ್ಕದಲ್ಲಿ ತಾಸಿಗೆ ಏಳು ಕಿಲೋಮೀಟರು ಹೋಗಲಾರದು. ಅಂದರೆ ಅದರ ಅತಿವೇಗವೆಂದರೆ ಬಸ್ಸು ತಪ್ಪೀತೆಂದು ಬಿರುಸಾಗಿ ನಡೆಯುವ ಮನುಷ್ಯನ ವೇಗ. ವೇಗದಲ್ಲಿ ಕಳೆದುಕೊಂಡದ್ದನ್ನು ಗಾಡಿ ಬಲದಲ್ಲಿ ಪಡೆಯುತ್ತದೆ. ದೊಡ್ಡ ರೂಬಿಕಾನ್ ಜೀಪಿನಲ್ಲಿಯೂ ಇದೇ ಉಪಾಯ. ಕಲ್ಲು ಹತ್ತುವಾಗ ಅದರ ವರ್ಗಾವಣೆಯ ಗೇರುಪೆಟ್ಟಿಗೆ ವೇಗವನ್ನು ನಾಲ್ಕರಲ್ಲಿ ಒಂದಕ್ಕೆ ಇಳಿಸುತ್ತದೆ.

ಇನ್ನೊಂದು ಗುಟ್ಟಿದೆ. ಸಾಮಾನ್ಯ ಕಾರು ತಿರುವಿನಲ್ಲಿ ಹೊರಳುವಾಗ ಎಡಬಲದ ಗಾಲಿಗಳು ಬೇರೆ ಬೇರೆ ವೇಗದಲ್ಲಿ ತಿರುಗಲೆಂದು ನಡುವೆ ಡಿಫರೆನ್ಷಿಯಲ್ ಇಟ್ಟಿರುತ್ತಾರೆ. ರಸ್ತೆಯಲ್ಲಿ ಅದು ವರ, ಬಂಡೆಯ ಮೇಲೆ ಶಾಪ. ಒಂದು ಗಾಲಿ ಗಾಳಿಯಲ್ಲಿ ನೇತಾಡಿದರೆ ಬಲವೆಲ್ಲ ಅದಕ್ಕೇ ಹೋಗಿ ಅದು ಗಿರಗಿರನೆ ತಿರುಗುತ್ತದೆ. ನೆಲ ಕಚ್ಚಿದ ಗಾಲಿ ಸುಮ್ಮನೆ ಕೂಡುತ್ತದೆ. ಆದ್ದರಿಂದ ಬಂಡೆಗಾಡಿಯಲ್ಲಿ ಎರಡೂ ಗಾಲಿಗಳನ್ನು ಜೋಡೆತ್ತಿನಂತೆ ಒಂದೇ ನೊಗಕ್ಕೆ ಬಿಗಿದಿರುತ್ತಾರೆ. ತಿರುವಿನಲ್ಲಿ ಗಾಡಿ ಸ್ವಲ್ಪ ಮೊಂಡುತನ ಮಾಡುತ್ತದೆ, ಮಾಡಲಿ.

ಮುಂದಿನ ಮಾತು ತೂಕದ್ದು. ಗಾಡಿ ಹಗುರವಾಗಿದ್ದರೆ ಚೆನ್ನಾಗಿ ಹತ್ತೀತೆಂದು ತೋರುವುದು ಸಹಜ. ಆದರೆ ಕಡಿದಾದ ಕಲ್ಲಿನ ಮೇಲೆ ಗಾಡಿ ಮೂತಿ ಎತ್ತಿ ಹಿಂದಕ್ಕೆ ಮಗುಚುವುದೇ ದೊಡ್ಡ ಕಷ್ಟ. ಅದನ್ನು ತಡೆಯಲು ತೂಕ ಕೆಳಗಿರಬೇಕು, ಮುಂದಿರಬೇಕು. ಅದಕ್ಕಾಗಿ ಮುಂಗಾಲಿಗಳೊಳಗೆ ಹಿತ್ತಾಳೆಯ ಬಳೆ ಕೂಡಿಸುತ್ತಾರೆ. ಇವನ್ನು ಹೊರದೇಶದಿಂದ ತರಿಸುವ ಉಸಾಬರಿ ನಮಗೇಕೆ? ಸುತ್ತ ನಾಲ್ಕು ದಿಕ್ಕಿಗೂ ಲೇಥುಗಳು ತಿರುಗುವ ಊರಲ್ಲವೆ ಇದು? ಗೋಕಾಕ ಕಡೆಯ ಟರ್ನರರೊಬ್ಬರು ಹತ್ತಿರದ ವರ್ಕ್‌ಶಾಪಿನಲ್ಲಿದ್ದಾರೆ. ಅವರ ಬಳಿ ಹೋಗಿ ಕೈಬೆರಳಿನಿಂದ ಗಾಳಿಯಲ್ಲಿ ಉಂಗುರ ಬರೆದು ತೋರಿಸಿದಾಗ ಅವರು, “ಸಾಹೇಬ್ರ, ಕಾಗದದ ಮ್ಯಾಲೆ ಬರದು ಕೊಡ್ರಿ. ಅಳತಿ ಇಲ್ಲದ ನಾ ಮಿಷಿನ್ ಮುಟ್ಟಾಂಗಿಲ್ಲ,” ಎಂದರು. ಹೊರವ್ಯಾಸ 40 ಮಿಲಿಮೀಟರು, ಒಳವ್ಯಾಸ 30, ಅಗಲ 20 ಎಂದು ಬರೆದುಕೊಟ್ಟೆವು. ಹಿತ್ತಾಳೆ ಅಲ್ಯುಮಿನಿಯಮ್ಮಿಗಿಂತ ಮೂರು ಪಟ್ಟು ಭಾರ. ಬಳೆಯೊಂದಕ್ಕೆ 90 ಗ್ರಾಮು ಬಂತು. ಗುಜರಿಯ ಹಿತ್ತಾಳೆಯ ದುಡ್ಡು ತೆಗೆದುಕೊಂಡರೇ ಹೊರತು ಕೂಲಿ ಮುಟ್ಟಲಿಲ್ಲ. ಎರಡು ಬಳೆ ಕೂಡಿಸಿದ ಮೇಲೆ ನಮ್ಮ ಜಿನೆಯ ಮೊದಲ ಮೆಟ್ಟಿಲಲ್ಲಿ ಹಿಂದಕ್ಕೆ ಬೀಳುತ್ತಿದ್ದ ಗಾಡಿ ಎರಡನೆಯದನ್ನೂ ಏರಿ ನಿಂತಿತು.

ಸ್ಕ್ರೂ, ಷಟ್ಕೋನದ ಕೀಲಿ, ತಂತಿ, ಬೆಸುಗೆಯ ಸಾಮಾನುಗಳಿಗೆ ಪುಣೆಯ ಪೇಟೆ ಸಾಕು. ರವಿವಾರ ಪೇಠೆಯ ಬೋಹರಿ ಆಳಿಯಲ್ಲಿ ಹತ್ಯಾರಗಳು, ಬುಧವಾರ ಪೇಠೆಯಲ್ಲಿ ಎಲೆಕ್ಟ್ರಾನಿಕ್ ಸಾಮಾನುಗಳು. ಮರಾಠಿ ಅರೆಬರೆಯಾಗಿದ್ದರೂ ಚಿಂತೆಯಿಲ್ಲ, ಸ್ಕ್ರೂ ತೋರಿಸಿದರೆ ಅಂಗಡಿಯವರು ಅದರ ಜೊತೆಯದನ್ನು ಕೊಡುತ್ತಾರೆ. ರಿಮೋಟಿಗೆ ಲೈಸೆನ್ಸು ಬೇಕೇ ಎಂದು ಕೆಲವರು ಅಂಜುತ್ತಾರೆ. ಈ ರಿಮೋಟುಗಳು ನಡೆಯುವ 2.4 ಗಿಗಾಹರ್ಟ್ಸ್ ಪಟ್ಟಿಯಲ್ಲಿ ಕಡಿಮೆ ಶಕ್ತಿಯ ಉಪಕರಣಗಳನ್ನು ಬಳಸಲು ಲೈಸೆನ್ಸು ಬೇಡವೆಂದು 2005ರ ನಿಯಮವೇ ಇದೆ.

ಜೋಡಿಸುವ ಕೆಲಸ ರವಿವಾರದ ಮಧ್ಯಾಹ್ನಗಳಲ್ಲಿ, ಖಾನಾವಳಿಯ ಊಟದ ಗದ್ದಲ ಮುಗಿದ ಮೇಲೆ, ಅಲ್ಲಿಯ ಮೇಜಿನ ಮೇಲೆಯೇ ನಡೆಯುತ್ತಿತ್ತು. ಎರಡು ಗೇರಿನ ಹಲ್ಲುಗಳು ಎಷ್ಟು ಒತ್ತಾಗಿರಬೇಕೆಂದು ನೋಡಲು ಒಂದು ಸುಲಭ ಯುಕ್ತಿಯಿದೆ. ನಡುವೆ ತೆಳುವಾದ ಕಾಗದದ ಚೂರು ಇಟ್ಟು ಮೋಟರನ್ನು ಒತ್ತಿ ಬಿಗಿದು, ಆಮೇಲೆ ಕಾಗದವನ್ನು ಹೊರಗೆ ಉರುಳಿಸಿಬಿಡಬೇಕು. ಉಳಿದ ಸಂದೇ ಸರಿಯಾದ ಸಂದು. ಲೋಹಕ್ಕೆ ಲೋಹ ಕೂಡುವ ಸ್ಕ್ರೂಗಳಿಗೆ ಅಲುಗಾಡದಂತೆ ಅಂಟುದ್ರವದ ಒಂದು ತೊಟ್ಟು ಹಾಕಬೇಕು, ಪ್ಲಾಸ್ಟಿಕ್ಕಿಗೆ ಅದು ತಾಗಬಾರದು. ಪಾರದರ್ಶಕ ಪ್ಲಾಸ್ಟಿಕ್ಕಿನ ಮೇಲ್ಮೈಗೆ ಬಣ್ಣ ಬಳಿಯುವುದು ಒಳಗಿನಿಂದ. ಆದ್ದರಿಂದ ಮೊದಲು ಬಳಿದ ಬಣ್ಣವೇ ಹೊರಗೆ ಕಾಣುವುದು. ಸಣ್ಣ ಗೆರೆ ಮೊದಲು, ಮೈಬಣ್ಣ ಕೊನೆಗೆ. ಇಂಡಿಯವರ ಹುಡುಗನಿಗೆ ಆಗ ಹನ್ನೊಂದು ವರ್ಷ. ಇಂಥ ತಲೆಕೆಳಗಾದ ಕೆಲಸಗಳು ಅವನಿಗೆ ನಮಗಿಂತ ಬೇಗ ಹೊಳೆಯುತ್ತಿದ್ದವು.

ಗೃಹಿಣಿಯರು ತಪ್ಪದೆ ಓದಬೇಕಾದ ಭಾಗ ಬ್ಯಾಟರಿಯದು. ಈ ಗಾಡಿಗಳಲ್ಲಿ ಲಿಥಿಯಂ ಪಾಲಿಮರ್ ಬ್ಯಾಟರಿ ಹಾಕುತ್ತಾರೆ. ನಮ್ಮದು ಮೂರು ಕೋಶಗಳದು, 11.1 ವೋಲ್ಟಿನದು. ಹಗುರ, ಬಲಿಷ್ಠ, ಆದರೆ ಮುಂಗೋಪಿ. ಒಂದೊಂದು ಕೋಶವೂ 4.2 ವೋಲ್ಟು ಮೀರಬಾರದು, 3ಕ್ಕಿಂತ ಇಳಿಯಬಾರದು. ಬಳಸದೆ ಇಡುವುದಾದರೆ 3.8ರ ಹತ್ತಿರ ಇಡಬೇಕು. ಕೋಶಗಳನ್ನು ಸಮತೂಕದಲ್ಲಿ ತುಂಬುವ ಚಾರ್ಜರನ್ನೇ ಬಳಸಬೇಕು. ಫೋನಿನ ಚಾರ್ಜರು ಜೋಡಿಸಿದರೆ ಬೆಂಕಿಗೆ ಕರೆಕೊಟ್ಟಂತೆ. ಉಬ್ಬಿದ ಬ್ಯಾಟರಿಯನ್ನು ಮತ್ತೆ ಮುಟ್ಟಬಾರದು. ಎಲ್ಲರೂ ಮಲಗಿದ ಮೇಲೆ ಚಾರ್ಜಿಗೆ ಹಚ್ಚಿಡುವುದಂತೂ ಸಲ್ಲದು. ಕಲಬುರ್ಗಿಯ ಅಕ್ಕನವರು, “ನಮ್ಮ ಅಡಗಿ ಮನ್ಯಾಗ ಇದು ಬ್ಯಾಡ್ರಿ,” ಎಂದದ್ದು ನೂರಕ್ಕೆ ನೂರು ಸರಿ. ಅವರದೇ ಸಲಹೆಯಂತೆ ತಳಕ್ಕೆ ಮರಳು ಹಾಕಿದ ದಪ್ಪ ಮಣ್ಣಿನ ಗಡಿಗೆಯಲ್ಲಿ, ವರಾಂಡದ ಸಿಮೆಂಟು ನೆಲದ ಮೇಲೆ, ಒಬ್ಬರು ಹತ್ತಿರ ಕುಳಿತಿರುವಾಗಲೇ ಚಾರ್ಜು ಮಾಡುವ ಪದ್ಧತಿ ಇಟ್ಟುಕೊಂಡೆವು. ಹೊರದೇಶದ ಹವ್ಯಾಸಿಗಳಲ್ಲಿಯೂ ಮಣ್ಣಿನ ಕುಂಡ ಬಳಸುವವರಿದ್ದಾರೆಂದು ಆಮೇಲೆ ತಿಳಿಯಿತು. ಅಕ್ಕನವರಿಗೆ ಅದನ್ನು ಹೇಳಿದಾಗ ಅವರಿಗೆ ಆಶ್ಚರ್ಯವೇನೂ ಆಗಲಿಲ್ಲ.

ಎಂಟು ತಿಂಗಳು ಕಳೆದವು. ಚೌಕಟ್ಟು, ಅಚ್ಚು, ಗೇರು, ಮೋಟರು, ಟೈರು, ಸರ್ವೊ ಎಲ್ಲ ಕೂಡಿದ್ದವು. ರಿಮೋಟೂ ಬ್ಯಾಟರಿಯೂ ಮೇಲ್ಮೈಯೂ ಬಾಕಿ. ಆಗ ಇಂಡಿಯವರ ಗುತ್ತಿಗೆ ಮುಗಿಯಿತು. ಅದು ಮುಂದುವರಿಯಲಿಲ್ಲ. ಇಲ್ಲಿ ಇದು ಹೊಸ ಮಾತಲ್ಲ. ನಮ್ಮ ಸಂಘದ ವಿಳಾಸದ ಪುಸ್ತಕದಲ್ಲಿ ಹೊಡೆದು ಹಾಕಿದ ಹೆಸರುಗಳನ್ನು ನೋಡಿದವರಿಗೆ ಗೊತ್ತು. ಎರಡು ವಾರ ಬೇರೆ ಗೇಟುಗಳಲ್ಲಿ ಚೌಕಶಿ ಮಾಡಿದರು. ಆಮೇಲೆ ಮನೆಯ ಠೇವಣಿ ಹಿಂದಕ್ಕೆ ತೆಗೆದುಕೊಂಡು, ಹುಡುಗನ ಶಾಲೆಯ ದಾಖಲೆ ಬಿಡಿಸಿಕೊಂಡು, ಡಿಸೆಂಬರಿನಲ್ಲಿ ಊರಿಗೆ ಹೊರಟರು.

ಅವರು ಹೊರಡುವ ಹಿಂದಿನ ರಾತ್ರಿ ಉಳಿದ ಮೂರು ಮನೆಯವರೂ ಖಾನಾವಳಿಯಲ್ಲಿ ಕುಳಿತೆವು. ಅವರ ಎರಡು ಸರದಿಯ ದುಡ್ಡು ಗಾಡಿಯಲ್ಲಿತ್ತು. ಸರ್ವೊ ಬಿಚ್ಚಿ ಕೊಡುವುದೋ, ದುಡ್ಡು ಕೊಡುವುದೋ? ಕೆಲಸ ಕಳೆದುಕೊಂಡ ಮನೆಗೆ ನಾಲ್ಕು ಸಾವಿರ ಸಣ್ಣ ಮೊತ್ತವಲ್ಲ. ಕೊಡುತ್ತೇವೆಂದರೆ ಅವರಿಗೆ ಅವಮಾನವಾದೀತೆಂಬ ಅಳುಕು ಬೇರೆ. ಕೊನೆಗೆ ಗದಗಿನ ವೈನಿ, ಮೊದಲ ದಿನ ಲಗ್ನದ ಖರ್ಚೆಂದು ನಮ್ಮನ್ನು ಆಡಿಕೊಂಡವರೇ, ದುಡ್ಡನ್ನು ಬುತ್ತಿಯ ಗಂಟಿನಲ್ಲಿ ರೊಟ್ಟಿಯ ಕೆಳಗೆ ಇಟ್ಟು ಕಟ್ಟಿಬಿಟ್ಟರು. ಮರುದಿನ ಸೊಲ್ಲಾಪುರ ದಾಟಿದ ಮೇಲೆ ಬುತ್ತಿ ಬಿಚ್ಚಿದ ಇಂಡಿಯವರಿಂದ ಫೋನು ಬಂತು. “ಅಣ್ಣಾವ್ರ, ರೊಕ್ಕ ಇಟ್ಟೀರಿ, ಆತು, ಈಗ ಬ್ಯಾಡ ಅನ್ನೂ ಹಂಗ ಇಲ್ಲ. ಆದ್ರ ಸರ್ವೊ ನಮ್ಮ ಹುಡುಗಂದು ಅಂತ ತಿಳೀರಿ. ಅಂವಾ ಕೇಳಾಕತ್ತಾನ.” ಸರ್ವೊ ಹುಡುಗನದೆಂದೇ ತೀರ್ಮಾನವಾಯಿತು.

ಬಾಕಿ ಭಾಗಗಳನ್ನು ಮೂರು ಮನೆಯವರು ಹಂಚಿಕೊಂಡು 2024ರ ಯುಗಾದಿಗೆ ಗಾಡಿ ಮುಗಿಸಿದೆವು. ಒಟ್ಟು ಖರ್ಚು ಇಪ್ಪತ್ತೈದು ಸಾವಿರದ ಹತ್ತಿರ. ಆದರೆ ಕಲ್ಲಿನ ಮೇಲೆ ಅದನ್ನು ಹತ್ತಿಸಲಿಲ್ಲ. ಬೇಸಿಗೆಯ ರಜೆಗೆ ಇಂಡಿಯ ಹುಡುಗ ತನ್ನ ಸೋದರಮಾವನ ಸಂಗಡ ಬರುವವನಿದ್ದ.

ಹತ್ತಿಸಲು ಜಾಗ ಎಲ್ಲಿ ಎಂಬುದು ಪ್ರಶ್ನೆಯೇ ಆಗಿರಲಿಲ್ಲ. ಶಿರೂರಿನಿಂದ ಒಂದು ತಾಸಿನೊಳಗೆ ನಿಘೋಜ ಸಿಗುತ್ತದೆ; ಅಹಿಲ್ಯಾನಗರ (2024ರ ವರೆಗಿನ ಅಹಮದನಗರ) ಜಿಲ್ಲೆಯ ಪಾರನೇರ ತಾಲೂಕಿನ ಊರು. ಅಲ್ಲಿ ಕುಕಡಿ ನದಿ ಕರಿಕಲ್ಲಿನ ಹಾಸನ್ನು ಸೀಳಿಕೊಂಡು ಹರಿಯುತ್ತದೆ. ಸುಮಾರು ಆರೂವರೆ ಕೋಟಿ ವರ್ಷಗಳ ಹಿಂದೆ ಭೂಮಿಯೊಳಗಿಂದ ಉಕ್ಕಿ ಹರಿದು ಹೆಪ್ಪುಗಟ್ಟಿದ ಲಾವಾದ ಕಲ್ಲು ಅದು. ಕಲ್ಲಿನ ತಗ್ಗುಗಳಲ್ಲಿ ಸಿಕ್ಕಿಕೊಂಡ ಉರುಟು ಕಲ್ಲು ಮರಳುಗಳನ್ನು ನೀರಿನ ಸುಳಿ ಗರಗರನೆ ತಿರುಗಿಸಿ ತಿರುಗಿಸಿ, ಒಳಗಿನಿಂದ ಕಡೆದು, ಆಳವಾದ ನುಣುಪು ಕುಳಿಗಳನ್ನು ಮಾಡಿದೆ. ಮರಾಠಿಯವರು ಇವಕ್ಕೆ ‘ರಾಂಜಣ ಖಳಗೆ’ ಎನ್ನುತ್ತಾರೆ. ರಾಂಜಣವೆಂದರೆ ನೀರು ತುಂಬಿಡುವ ದೊಡ್ಡ ಮಣ್ಣಿನ ಪಾತ್ರೆ. ನಮ್ಮ ಕಡೆಯ ಹಿರಿಯರು ರಂಜಣಿಗೆ ಎನ್ನುತ್ತಿದ್ದುದೂ ಅದನ್ನೇ. ದಡದಲ್ಲಿ ಮಳಗಂಗಾ ದೇವಿಯ ಗುಡಿ. ಭಕ್ತರು ನಡೆದಾಡುವ ಕಡೆ ಗಾಡಿ ಬಿಡಬಾರದು, ಕಲ್ಲಿನ ಮೇಲೆ ಗುರುತು ಬರೆಯಬಾರದು, ಮಳೆಗಾಲದಲ್ಲಿ ಅತ್ತ ಸುಳಿಯಲೇಬಾರದು. ಕುಳಿಗಳ ಅಂಚು ಜಾರುತ್ತದೆ. ಮಕ್ಕಳ ಕೈ ಬಿಡಕೂಡದು.

ಮೇ ತಿಂಗಳ ಒಂದು ರವಿವಾರ ಬೆಳಗಿನ ಆರೂವರೆಗೆ, ಕಲ್ಲು ಕಾಯುವ ಮೊದಲೇ, ಅಲ್ಲಿ ತಲುಪಿದ್ದೆವು. ಕುಳಿಗಳಿಂದ ದೂರಕ್ಕೆ, ಮೊಳಕಾಲೆತ್ತರದ ಬಂಡೆಗಳಿದ್ದ ಇಳಿಜಾರು ಆರಿಸಿಕೊಂಡು, ಗಾಡಿಯ ಹಿಂದೆ ಒಂದು ದಾರ ಕಟ್ಟಿ ಅದರ ತುದಿಯನ್ನು ಗೋಕಾಕದ ಟರ್ನರರ ಕೈಗೆ ಕೊಟ್ಟೆವು. ತಾವು ಕಡೆದ ಬಳೆ ಏನು ಮಾಡುತ್ತದೆಂದು ನೋಡಲು ಅವರೂ ಬಂದಿದ್ದರು. ರಿಮೋಟು ಹುಡುಗನ ಕೈಗೆ ಹೋಯಿತು.

ಮೊದಲ ಬಂಡೆಗೆ ಅವನು ನೇರವಾಗಿ ಹೋಗಲಿಲ್ಲ. ಸುತ್ತ ಎರಡು ಸಲ ನಡೆದು ನೋಡಿದ. ಕೂತು ನೋಡಿದ. ಯಾವ ಗಾಲಿ ಯಾವ ಅಂಚಿಗೆ ಹೋಗಬೇಕೆಂದು ಮೊದಲೇ ಲೆಕ್ಕ ಹಾಕುವುದೇ ಈ ಆಟದ ಮುಖ್ಯ ಭಾಗ. ಸ್ಪರ್ಧೆಗಳಲ್ಲಿಯೂ ಹಿಂದಕ್ಕೆ ಸರಿದರೆ, ಕಂಬ ಮುಟ್ಟಿದರೆ ಅಂಕ ಏರುತ್ತದೆ, ಕಡಿಮೆ ಅಂಕದವನೇ ಗೆದ್ದವನು. ಎಡಗಾಲಿ ಒಂದು ಬಿರುಕಿಗೆ ಕಚ್ಚಿತು. ಗಾಡಿ ವಾಲಿತು. ಹುಡುಗ ಬೆರಳು ತೆಗೆದುಬಿಟ್ಟ. ಇಳಿಜಾರಿನಲ್ಲಿಯೂ ಮೋಟರು ತನ್ನನ್ನು ತಾನೇ ಹಿಡಿದುಕೊಳ್ಳುವ ಏರ್ಪಾಡು ಇದರಲ್ಲಿದೆ, ಗಾಡಿ ಹಾಗೆಯೇ ನಿಂತಿತು. ಟರ್ನರರು ದಾರ ಬಿಗಿಹಿಡಿದರು. “ಕಾಕಾ, ದಾರ ಸಡ್ಲ ಬಿಡ್ರಿ, ಬೀಳಾಂಗಿಲ್ಲ,” ಎಂದ ಹುಡುಗ. ಸರ್ವೊ ಗುಂಯ್ಯೆಂದಿತು. ಬಿರುಕಿನಲ್ಲಿ ಸಿಕ್ಕಿದ್ದ ಗಾಲಿ ಕೂದಲೆಳೆಯಷ್ಟೇ ಬಲಕ್ಕೆ ತಿರುಗಿ ಇನ್ನೊಂದು ಅಂಚು ಹಿಡಿಯಿತು, ಹಿಂದಿನೆರಡು ಒತ್ತಿದವು, ಗಾಡಿ ಮೇಲೆ ಬಂತು. ಯಾರೂ ಚಪ್ಪಾಳೆ ತಟ್ಟಲಿಲ್ಲ, ಮುಂದಿನ ಬಂಡೆ ಇನ್ನೂ ದೊಡ್ಡದಿತ್ತು. ಒಂಬತ್ತು ಗಂಟೆಯ ವರೆಗೆ ಹನ್ನೆರಡು ಬಂಡೆಗಳಲ್ಲಿ ಏಳು ಏರಿದ್ದಾಯಿತು. ಅಷ್ಟರಲ್ಲಿ ಕಲ್ಲು ಬರಿಗಾಲು ಸುಡುವಷ್ಟು ಕಾದು, ಬ್ಯಾಟರಿಯೂ ಇಳಿದಿತ್ತು.

ಬುತ್ತಿ ಬಿಚ್ಚಿದಾಗ ಹುಡುಗ ನದಿ ಎತ್ತ ಹೋಗುತ್ತದೆಂದು ಕೇಳಿದ. ಕುಕಡಿ ಘೋಡ ನದಿಗೆ, ಘೋಡ ಭೀಮೆಗೆ ಸೇರುವುದೆಂದೂ, ಭೀಮೆ ಅವನ ಇಂಡಿ ತಾಲೂಕಿನ ಅಂಚಿಗೇ ಬರುವುದೆಂದೂ ಹೇಳಿದೆವು. ಅವನು ಸ್ವಲ್ಪ ಯೋಚಿಸಿ, “ಅಲ್ಲಿ ಇಂಥಾ ಕಲ್ಲಿಲ್ಲ, ಉಸುಕು ಐತಿ. ಉಸುಕಿಗೆ ಬ್ಯಾರೆ ಟೈರ್ ಬೇಕಲ್ರಿ?” ಎಂದು ಕೇಳಿದ.

ಅವನು ಈಗ ಊರಲ್ಲಿ ತನ್ನದೇ ಒಂದನ್ನು ಕಟ್ಟುವ ವಿಚಾರದಲ್ಲಿದ್ದಾನೆ. ಚೌಕಟ್ಟನ್ನು ಅಲ್ಲಿಯ ವೆಲ್ಡಿಂಗ್ ಅಂಗಡಿಯವರಿಂದ ಮಾಡಿಸಿದ್ದಾನಂತೆ; ಕಾಗದದ ಮೇಲೆ ಅಳತೆ ಬರೆದೇ ಕೊಟ್ಟನಂತೆ. ನಮ್ಮ ಗಾಡಿಯ ಹಿಂದಿನ ಅಚ್ಚಿನ ಗೇರು ಸವೆದಿದ್ದರಿಂದ ಉಕ್ಕಿನದನ್ನು ತರಿಸಬೇಕಾಗಿದೆ, ಸರದಿ ಕಲಬುರ್ಗಿಯವರದು. ಹಳೆಯ ಟೈರುಗಳನ್ನೂ, ಒಂದು ಹಿತ್ತಾಳೆಯ ಬಳೆಯ ಜೋಡಿಯನ್ನೂ ಕಳೆದ ವಾರ ಇಂಡಿಗೆ ಹೋಗುವವರ ಕೈಯಲ್ಲಿ ಕಟ್ಟಿ ಕಳಿಸಿದ್ದೇವೆ. ಸರ್ವೊ ಮಾತ್ರ ಇಲ್ಲಿಯೇ ಇರಲೆಂದು ಅವನೇ ಹೇಳಿದ್ದಾನೆ.